ಹುಡುಗರನ್ನು ಕೂಡಿಟ್ಟ ಬ್ರಾಂಚ್ ರಿಕಿ

ಯಲಹಂಕದ ನಮ್ಮ ಹಾಸ್ಟೆಲ್‌ನಲ್ಲಿ ಐಪಿಎಲ್‌ಗೆ ಮುಂಚೆ ನಾವೇ ಒಂದು ಆಟದ ಹರಾಜು ನಡೆಸ್ತೀವಿ. ರೂಮಿಗೊಂದು ತಂಡ, ತಂಡಕ್ಕೆ 25 ಜಾಗ. ಮುಂದಿನ ವರ್ಷಕ್ಕೆ ಮೂವರನ್ನು ಮಾತ್ರ ಉಳಿಸಿಕೊಳ್ಳಬಹುದು. ಜಗಳ ಎಲ್ಲಾ ಈ ಮೂರು ಜಾಗದ್ದೇ. ಇವತ್ತು ರನ್ ಹೊಡೆಯೋನನ್ನು ಇಟ್ಕೋಬೇಕಾ, ನಾಳೆ ಹೊಡೀತಾನೆ ಅನ್ನೋ ಹುಡುಗನನ್ನಾ? 2018ರಲ್ಲಿ ನಮ್ಮ ಆರ್‌ಸಿಬಿ ಕೊಹ್ಲಿ, ಡಿವಿಲಿಯರ್ಸ್ ಜೊತೆ ಸರ್ಫರಾಜ್ ಖಾನ್‌ನನ್ನು ಉಳಿಸಿಕೊಂಡು ಕೆ.ಎಲ್. ರಾಹುಲ್‌ನನ್ನು ಬಿಟ್ಟಿತು. ಪಂಜಾಬ್ 11 ಕೋಟಿ ಕೊಟ್ಟು ಕರ್ಕೊಂಡು ಹೋಯ್ತು, ಆ ಸೀಸನ್ ರಾಹುಲ್ 659 ರನ್ ಹೊಡೆದ. ನಮಗೆ ಇನ್ನೂ ಹೊಟ್ಟೆ ಉರಿಯುತ್ತೆ.

ಈ ತಲೆನೋವಿನ ಮೂಲ ಹುಡುಕಿದಾಗ ಸಿಕ್ಕಿದ್ದು ಅಮೆರಿಕದ ಬೇಸ್‌ಬಾಲ್‌ನ ಬ್ರಾಂಚ್ ರಿಕಿ.

1881ರಲ್ಲಿ ಒಹಾಯೋದಲ್ಲಿ ಹುಟ್ಟಿದ ರಿಕಿ ಆಟಗಾರನಾಗಿ ಅಷ್ಟಕ್ಕಷ್ಟೇ. ಕ್ಯಾಚರ್, ಅಂದ್ರೆ ನಮ್ಮ ಕೀಪರ್ ತರಹ. 1907ರ ಒಂದೇ ಪಂದ್ಯದಲ್ಲಿ ಎದುರಾಳಿಗಳು ಈತನ ಕಣ್ಣೆದುರೇ 13 ಸಲ ಬೇಸ್ ಕದ್ದು ಓಡಿದರು. ಭುಜ ನೋವಿತ್ತು, ಪಾಪ. ಆಮೇಲೆ ಕಾನೂನು ಓದಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತಕ್ಕೆ ಬಂದ.

ಕಾರ್ಡಿನಲ್ಸ್ ಹತ್ರ ದುಡ್ಡಿರಲಿಲ್ಲ. ಒಳ್ಳೆ ಹುಡುಗನನ್ನು ಗುರುತಿಸಿದರೆ ಸಾಕು, ಶ್ರೀಮಂತ ತಂಡಗಳು ಹೆಚ್ಚು ಕೊಟ್ಟು ಎತ್ತಿಕೊಳ್ತಿದ್ವು. ಅದಕ್ಕೆ ರಿಕಿ ಸಣ್ಣ ಊರುಗಳ ತಂಡಗಳನ್ನೇ ಕೊಳ್ಳೋಕೆ ಶುರು ಮಾಡಿದ. ಅಲ್ಲಿ ಹುಡುಗರು ಪಳಗಬೇಕು, ಹಣ್ಣಾದವರು ಮೇಲಕ್ಕೆ ಬರಬೇಕು. ಫಾರ್ಮ್ ಸಿಸ್ಟಮ್ ಅಂದ್ರೆ ಇದೇ. 1926ರಲ್ಲಿ ಕಾರ್ಡಿನಲ್ಸ್ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು.

ಆದರೆ ಮೇಲಿನ ತಂಡದಲ್ಲಿ ಜಾಗ ಕೆಲವೇ, ಕೆಳಗೆ ಕಾಯುವವರು ನೂರಾರು. ಕರಾರು ಹಾಗಿತ್ತು, ಬೇರೆ ಕಡೆ ಹೋಗೋ ಹಾಗಿಲ್ಲ. ನಮ್ಮ ಆಟದಲ್ಲಿ ಬೆಂಚಿನ ಹುಡುಗ ಬರೀ ಎಕ್ಸೆಲ್ ಶೀಟ್‌ನ ಒಂದು ಸಾಲು; ಅಲ್ಲಿ ಒಬ್ಬನ ಇಡೀ ಪ್ರಾಯ. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಕಾರ್ಡಿನಲ್ಸ್‌ನ 70ಕ್ಕೂ ಹೆಚ್ಚು ಹುಡುಗರನ್ನು ಬಿಡುಗಡೆ ಮಾಡಿಸಿದರು. ಅವರಲ್ಲೊಬ್ಬ ಪೀಟ್ ರೈಸರ್, 1941ರಲ್ಲಿ ಬ್ರೂಕ್ಲಿನ್ ಪರ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಪಡೆದ.

ಮುಂದೆ ರಿಕಿ ಬ್ರೂಕ್ಲಿನ್‌ಗೇ ಹೋಗಿ, 1945ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಜೊತೆ ಕರಾರು ಮಾಡಿಕೊಂಡ. 1947ರಲ್ಲಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟಾಗ ಎಷ್ಟೋ ವರ್ಷದ ವರ್ಣಭೇದ ಮುರಿದುಬಿತ್ತು. ಇದಕ್ಕಾಗಿಯೇ ರಿಕಿ ಹೆಸರು ಉಳಿದಿರೋದು. ಆದರೂ ರಾಬಿನ್ಸನ್‌ನ ಹಳೇ ತಂಡ ಕನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ಒಂದು ಡಾಲರೂ ಕೊಡಲಿಲ್ಲ ಅನ್ನೋದು ನಮಗೆ ಹಿಡಿಸಲಿಲ್ಲ.

1950ರ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ. ತಂಡ ಸೋಲ್ತಾನೇ ಇತ್ತು. ಆಗಿನ ನಿಯಮ ಕೇಳಿ: 4,000 ಡಾಲರ್‌ಗಿಂತ ಹೆಚ್ಚು ಬೋನಸ್ ಕೊಟ್ಟು ತಂದ ಹುಡುಗನನ್ನು ಮುಖ್ಯ ತಂಡದಲ್ಲೇ ಇಟ್ಕೋಬೇಕು, ಇಲ್ಲಾಂದ್ರೆ ವರ್ಷದ ಕೊನೆಗೆ ಬೇರೆಯವರು ಆರಿಸಿಕೊಳ್ಳಬಹುದು. 1954ರಲ್ಲಿ ಬ್ರೂಕ್ಲಿನ್ 10,000 ಡಾಲರ್ ಬೋನಸ್ ಕೊಟ್ಟು ಪೋರ್ಟೊರಿಕೊದ ರಾಬರ್ಟೊ ಕ್ಲೆಮೆಂಟೆಯನ್ನು ತಂದು, ಮಾಂಟ್ರಿಯಲ್‌ನ ಕೆಳಗಿನ ತಂಡದಲ್ಲಿಟ್ಟು ಹೆಚ್ಚು ಆಡಿಸಲೇ ಇಲ್ಲ. ಬಚ್ಚಿಟ್ಟಿದ್ರು ಅಂತಲೇ ಹೇಳ್ತಾರೆ. ಬೇರೆ ಆಟಗಾರನನ್ನು ನೋಡೋಕೆ ಹೋಗಿದ್ದ ರಿಕಿಯ ಸ್ಕೌಟ್ ಕ್ಲೈಡ್ ಸ್ಯೂಕ್‌ಫೋರ್ತ್ ಕಣ್ಣಿಗೆ ಈ ಹುಡುಗ ಬಿದ್ದ. ಕೊನೇ ಸ್ಥಾನದ ತಂಡಕ್ಕೇ ಮೊದಲ ಆಯ್ಕೆ. ನವೆಂಬರ್‌ನಲ್ಲಿ 4,000 ಡಾಲರ್‌ಗೆ ಕ್ಲೆಮೆಂಟೆ ಪಿಟ್ಸ್‌ಬರ್ಗ್ ಪಾಲಾದ.

1960ರಲ್ಲಿ ಪೈರೇಟ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ರಿಕಿ ಮ್ಯಾನೇಜರ್ ಕುರ್ಚಿಯಲ್ಲಿ ಇರಲಿಲ್ಲ. 1965ರ ನವೆಂಬರ್‌ನಲ್ಲಿ ಮಿಸೌರಿಯಲ್ಲಿ ಭಾಷಣ ಮಾಡ್ತಾ ಕುಸಿದುಬಿದ್ದು, ಡಿಸೆಂಬರ್ 9ರಂದು ತೀರಿಕೊಂಡ. ಕ್ಲೆಮೆಂಟೆ 3,000ನೇ ಹಿಟ್ ಹೊಡೆದಿದ್ದು 1972ರಲ್ಲಿ, ಪಿಟ್ಸ್‌ಬರ್ಗ್ ಪರವಾಗಿಯೇ.