ರಿಚರ್ಡ್ ಬ್ರೈಟ್

ನಮ್ಮ ಶರೀರದೊಳಗೆ ಸದ್ದಿಲ್ಲದೆ ದುಡಿಯುವ ಅಂಗಗಳಲ್ಲಿ ಮೂತ್ರಪಿಂಡಗಳು ಮುಖ್ಯವಾದುವು. ಹೃದಯದ ಬಡಿತ ಕೈಗೆ ತಿಳಿಯುತ್ತದೆ. ಉಸಿರಾಟದ ಏರಿಳಿತ ಕಣ್ಣಿಗೆ ಕಾಣುತ್ತದೆ. ಹೊಟ್ಟೆಯಂತೂ ಹಸಿವಾದಾಗ ತಾನೇ ಕೂಗಿ ಹೇಳುತ್ತದೆ. ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಕೆಳಪಕ್ಕೆಲುಬುಗಳ ಮರೆಯಲ್ಲಿ, ಅಲಸಂದೆ ಕಾಳಿನ ಆಕಾರದಲ್ಲಿ ಮುಷ್ಟಿಯಷ್ಟೇ ಗಾತ್ರವಾಗಿರುವ ಈ ಎರಡು ಪಿಂಡಗಳು ಇರುವುದೇ ನಮಗೆ ನೆನಪಾಗುವುದಿಲ್ಲ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುನಾಳಗಳಿವೆ. ಹಗಲಿರುಳು ರಕ್ತವು ಇವುಗಳ ಮೂಲಕ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವ ಸೋಸಲ್ಪಟ್ಟು, ಅದರಲ್ಲಿ ಬೇಕಾದುದೆಲ್ಲ ಮರಳಿ ರಕ್ತವನ್ನು ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಈ ಸೋಸುವಿಕೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಲೋಕಕ್ಕೆ ಮೊತ್ತಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವನು ಇಂಗ್ಲೆಂಡಿನ ವೈದ್ಯ ರಿಚರ್ಡ್ ಬ್ರೈಟ್.

ಬ್ರೈಟನು 1789ನೆಯ ಇಸವಿ ಸೆಪ್ಟೆಂಬರ್ 28ರಂದು ಬ್ರಿಸ್ಟಲ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ತಂದೆ ಶ್ರೀಮಂತ ವರ್ತಕ. ಬ್ಯಾಂಕಿನ ವ್ಯವಹಾರವೂ ಅವನಿಗಿತ್ತು. ಆ ಕಾಲದ ಬ್ರಿಸ್ಟಲ್ ವರ್ತಕರ ಐಶ್ವರ್ಯದ ಹಿಂದೆ ಪಶ್ಚಿಮ ಇಂಡೀಸಿನ ಕಬ್ಬಿನ ತೋಟಗಳೂ ಅಲ್ಲಿ ಬೆವರು ಸುರಿಸಿದ ಗುಲಾಮರೂ ಇದ್ದರೆಂಬುದನ್ನು ನಾವು ಮರೆಯುವಂತಿಲ್ಲ. ಹುಡುಗನಿಗೆ ದುಡಿದೇ ಬದುಕಬೇಕೆಂಬ ಅಗತ್ಯವಿರಲಿಲ್ಲ. ಆದರೂ ಅವನು 1808ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿ, ಮರುವರ್ಷ ವೈದ್ಯಶಾಸ್ತ್ರದ ಕಡೆಗೆ ತಿರುಗಿದನು.

ಪುಸ್ತಕಗಳಿಗಿಂತ ಕಣ್ಣನ್ನು ಹೆಚ್ಚಾಗಿ ನಂಬುವ ಸ್ವಭಾವ ಅವನದು. 1810ರಲ್ಲಿ, ಇನ್ನೂ ಇಪ್ಪತ್ತು ವರ್ಷ ದಾಟಿದ ತರುಣನಾಗಿರುವಾಗಲೇ, ಸರ್ ಜಾರ್ಜ್ ಮೆಕೆಂಜಿಯ ತಂಡದೊಡನೆ ಐಸ್‌ಲೆಂಡ್ ದ್ವೀಪಕ್ಕೆ ಹೋಗಿ ಅಲ್ಲಿಯ ಗಿಡಮರ ಪ್ರಾಣಿಪಕ್ಷಿಗಳನ್ನು ಕುರಿತು ಬರೆದನು. 1813ರಲ್ಲಿ ವೈದ್ಯ ಪದವಿ ದೊರೆತ ಬಳಿಕ ಯೂರೋಪಿನ ಸಂಚಾರಕ್ಕೆ ಹೊರಟು ವಿಯೆನ್ನಾ ನಗರವನ್ನು ಕಂಡು, ಅಲ್ಲಿಂದ ಹಂಗೆರಿಯ ಹಳ್ಳಿಗಳನ್ನು ಸುತ್ತಿದನು. ತಾನೇ ಚಿತ್ರಗಳನ್ನು ಬರೆದು ಸೇರಿಸಿ ಆ ಪ್ರವಾಸದ ಕಥನವನ್ನು 1818ರಲ್ಲಿ ಅಚ್ಚು ಹಾಕಿಸಿದನು. ಹಂಗೆರಿಯ ಅಲೆಮಾರಿ ಜಿಪ್ಸಿ ಜನರ ಬದುಕೂ ಮಾತೂ ಅವನ ಕುತೂಹಲವನ್ನು ಕೆರಳಿಸಿದುವು. ಆ ಜನರ ಭಾಷೆಯ ಬೇರು ನಮ್ಮ ಭಾರತದಲ್ಲಿದೆಯೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಇದು ನಮ್ಮ ಪ್ರಸ್ತುತ ವಿಷಯಕ್ಕೆ ಹೊರಗಿನದು. ಆದರೆ ಕಂಡುದನ್ನು ಕಂಡಂತೆ ಬರೆದಿಡುವ, ಬರೆದುದಕ್ಕೆ ಚಿತ್ರವನ್ನೂ ಜೋಡಿಸುವ ಅಭ್ಯಾಸ ಅವನಿಗೆ ಎಲ್ಲಿಂದ ಬಂದಿತೆಂಬುದು ಇದರಿಂದ ತಿಳಿಯುತ್ತದೆ. ಹಿಂತಿರುಗುವ ದಾರಿಯಲ್ಲಿ, ವಾಟರ್‌ಲೂ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಬ್ರಸೆಲ್ಸ್ ನಗರದ ಆಸ್ಪತ್ರೆಗಳಲ್ಲಿ ನರಳುತ್ತಿದ್ದ ಗಾಯಾಳುಗಳನ್ನೂ ಅವನು ಕಂಡನು.

1820ರಲ್ಲಿ ಬ್ರೈಟನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾಗಿ ನೇಮಕಗೊಂಡನು. 1824ರಲ್ಲಿ ಪೂರ್ಣ ವೈದ್ಯನಾದನು. ಥಾಮಸ್ ಅಡಿಸನ್, ಥಾಮಸ್ ಹಾಜ್‌ಕಿನ್ ಎಂಬ ಇನ್ನಿಬ್ಬರು ಪ್ರತಿಭಾವಂತರೂ ಅದೇ ಆಸ್ಪತ್ರೆಯಲ್ಲಿದ್ದರು. ಈ ಮೂವರ ಹೆಸರುಗಳೂ ಒಂದೊಂದು ರೋಗಕ್ಕೆ ಅಂಟಿಕೊಂಡು ಉಳಿದುವು. ಇದೇ ಕಾಲದಲ್ಲಿ ಬ್ರೈಟನ ಮನೆಯಲ್ಲಿ ದುಃಖವೂ ಬಂದೆರಗಿತು. 1822ರಲ್ಲಿ ಅವನು ಮಾರ್ಥಾ ಬ್ಯಾಬಿಂಗ್ಟನ್ ಎಂಬಾಕೆಯನ್ನು ಮದುವೆಯಾಗಿದ್ದನು. ಆಕೆ ಮರುವರ್ಷವೇ ತೀರಿಕೊಂಡಳು. 1826ರಲ್ಲಿ ಎಲೈಜಾ ಫಾಲೆಟ್ ಎಂಬಾಕೆಯೊಡನೆ ಅವನ ಎರಡನೆಯ ವಿವಾಹವಾಯಿತು.

ಆ ದಿನಗಳ ಆಸ್ಪತ್ರೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಕ್ಷಕಿರಣವಿಲ್ಲ, ರಕ್ತದೊತ್ತಡವನ್ನು ಅಳೆಯುವ ಉಪಕರಣವಿಲ್ಲ, ರೋಗಾಣುಗಳ ಕಲ್ಪನೆಯೂ ಇಲ್ಲ. ಮಂಚಗಳ ಮೇಲೆ ಮೈಯೆಲ್ಲ ಬಾತುಕೊಂಡ ರೋಗಿಗಳು ಮಲಗಿರುತ್ತಿದ್ದರು. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲುಗಳಲ್ಲಿ ಊತ. ಬೆರಳಿನಿಂದ ಒತ್ತಿದರೆ ಅಲ್ಲಿ ಗುಳಿ ಬಿದ್ದು ಬಹಳ ಹೊತ್ತು ಹಾಗೆಯೇ ಉಳಿಯುವುದು. ಕ್ರಮೇಣ ಹೊಟ್ಟೆಯಲ್ಲಿಯೂ ನೀರು ತುಂಬುವುದು. ಕಡೆಗೆ ಉಸಿರು ಕಟ್ಟಿ, ಅಥವಾ ಸೆಳವು ಬಂದು, ಪ್ರಜ್ಞೆ ತಪ್ಪಿ ಸಾಯುವರು. ವೈದ್ಯರು ಊತವನ್ನೇ ಒಂದು ರೋಗವೆಂದು ತಿಳಿದಿದ್ದರು. ಅದು ರೋಗವಲ್ಲ, ರೋಗದ ಕುರುಹು. ಕುರುಹಿನ ಹಿಂದೆ ಕೆಟ್ಟ ಅಂಗವೊಂದು ಇರಲೇಬೇಕೆಂದು ಬ್ರೈಟನಿಗೆ ತೋರಿತು. ಆ ಅಂಗ ಯಾವುದು?

ಅವನು ಹಿಡಿದ ಉಪಾಯ ಬಹಳ ಸರಳವಾದುದು. ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಉರಿಯುವ ಮೇಣದ ಬತ್ತಿಯ ಮೇಲೆ ಹಿಡಿಯುತ್ತಿದ್ದನು. ಆರೋಗ್ಯವಂತನ ಮೂತ್ರವಾದರೆ ಕಾದು ಕುದಿಯುವುದೇ ಹೊರತು ಬೇರೇನೂ ಆಗುವುದಿಲ್ಲ. ಈ ರೋಗಿಗಳ ಮೂತ್ರವಾದರೋ ಬಿಸಿ ತಾಗಿದೊಡನೆ ಮಬ್ಬಾಗಿ, ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಮೊಟ್ಟೆಯನ್ನು ಬೇಯಿಸುವಾಗ ಒಳಗಿನ ತಿಳಿಯಾದ ಲೋಳೆ ಬಿಳುಪಾಗಿ ಗಟ್ಟಿಯಾಗುವುದನ್ನು ನೀವು ನೋಡಿರಬಹುದು. ಇದೂ ಅದೇ ಜಾತಿಯ ಪದಾರ್ಥ; ಆಲ್ಬುಮಿನ್ ಎಂಬ ಪ್ರೋಟೀನು. ರಕ್ತದಲ್ಲಿ ಇರಬೇಕಾದ ಈ ಬೆಲೆಯುಳ್ಳ ವಸ್ತು ಮೂತ್ರದಲ್ಲಿ ಸೋರಿಹೋಗುತ್ತಿದೆಯೆಂದರೆ ಜರಡಿ ಎಲ್ಲಿಯೋ ಹರಿದಿದೆ ಎಂದರ್ಥ. ರಕ್ತದಲ್ಲಿ ಆಲ್ಬುಮಿನ್ ಕಡಮೆಯಾದಾಗ ನೀರು ರಕ್ತನಾಳಗಳಿಂದ ಹೊರಕ್ಕೆ ಒಸರಿ ಮೈಯಲ್ಲಿ ನಿಲ್ಲುತ್ತದೆ. ಕೆಟ್ಟ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಹಾಕಲಾರದೆ ಹೋಗುವುದರಿಂದ ಊತ ಇನ್ನೂ ಹೆಚ್ಚುತ್ತದೆ.

ಮೂತ್ರವನ್ನು ಕಾಯಿಸಿ ನೋಡಿದವರಲ್ಲಿ ಬ್ರೈಟನೇ ಮೊದಲಿಗನಲ್ಲ. ಹಾಲೆಂಡಿನ ಡೆಕರ್ಸ್, ಇಟಲಿಯ ಕೊಟುನ್ಯೊ, ಇಂಗ್ಲೆಂಡಿನಲ್ಲಿಯೇ ವೆಲ್ಸ್ ಮತ್ತು ಬ್ಲಾಕಾಲ್ ಎಂಬುವರು ಅವನಿಗಿಂತ ಮುಂಚೆಯೇ ಈ ಹೆಪ್ಪನ್ನು ಕಂಡಿದ್ದರು. ಕಂಡು ಅಲ್ಲಿಗೆ ನಿಲ್ಲಿಸಿದ್ದರು. ಬ್ರೈಟನು ಒಂದು ಹೆಜ್ಜೆ ಮುಂದೆ ಹೋದನು. ದಿನಕ್ಕೆ ಆರು ಗಂಟೆಗಳ ಕಾಲ ರೋಗಿಗಳ ಬಳಿಯಲ್ಲಿಯೂ ಶವಪರೀಕ್ಷೆಯ ಕೋಣೆಯಲ್ಲಿಯೂ ಕಳೆಯುತ್ತಿದ್ದನೆಂದು ಹೇಳುತ್ತಾರೆ. ಮಂಚದ ಬಳಿ ಯಾರ ಮೂತ್ರ ಹೆಪ್ಪುಗಟ್ಟಿತೋ ಅವರು ಸತ್ತ ಮೇಲೆ ಅವರ ಮೂತ್ರಪಿಂಡಗಳನ್ನು ತೆಗೆದು ನೋಡಿದನು. ಕೆಲವು ಉಬ್ಬಿ ಬಿಳಿಚಿಕೊಂಡಿದ್ದುವು. ಕೆಲವು ಕುಗ್ಗಿ, ಗಟ್ಟಿಯಾಗಿ, ಮೇಲ್ಮೈ ಕಾಳುಕಾಳಾಗಿ ಒರಟಾಗಿದ್ದಿತು. ಊತ, ಮೂತ್ರದಲ್ಲಿಯ ಆಲ್ಬುಮಿನ್, ಕೆಟ್ಟ ಮೂತ್ರಪಿಂಡ, ಈ ಮೂರೂ ಒಂದೇ ಸರಪಳಿಯ ಕೊಂಡಿಗಳೆಂಬುದು ಹೀಗೆ ಸ್ಥಿರಪಟ್ಟಿತು. 1827ರಲ್ಲಿ ಅವನು ಇದನ್ನೆಲ್ಲ ವರ್ಣಚಿತ್ರಗಳೊಡನೆ ಗ್ರಂಥರೂಪವಾಗಿ ಪ್ರಕಟಿಸಿದನು. ವೈದ್ಯಲೋಕ ಆ ರೋಗವನ್ನು ಬ್ರೈಟನ ರೋಗವೆಂದೇ ಕರೆಯತೊಡಗಿತು.

ರಸಾಯನಶಾಸ್ತ್ರ ಬಲ್ಲ ಜಾನ್ ಬಾಸ್ಟಾಕ್ ಎಂಬ ಮಿತ್ರನು ಅವನಿಗೆ ನೆರವಾದನು. ಮೂತ್ರದಲ್ಲಿ ಹೋಗಬೇಕಾದ ಯೂರಿಯಾ ಈ ರೋಗಿಗಳ ಮೂತ್ರದಲ್ಲಿ ಕಡಮೆಯಾಗಿ, ರಕ್ತದಲ್ಲಿ ಉಳಿದುಕೊಳ್ಳುತ್ತದೆಂದು ಗೊತ್ತಾಯಿತು. ಹಾಸನದ ಸುತ್ತಿನ ಆಲೂಗೆಡ್ಡೆ ಹೊಲಗಳಿಗೆ ಚೀಲಗಟ್ಟಲೆ ಸುರಿಯುವ ಯೂರಿಯಾ ಗೊಬ್ಬರವೂ ಇದೇ ವಸ್ತುವೇ ಎಂದರೆ ನಿಮಗೆ ಆಶ್ಚರ್ಯವಾದೀತು. ಇಂದಿಗೂ ಮೂತ್ರಪಿಂಡಗಳ ಸ್ಥಿತಿಯನ್ನು ತಿಳಿಯಲು ರಕ್ತದಲ್ಲಿಯ ಯೂರಿಯಾ ಮತ್ತು ಕ್ರಿಯಾಟಿನಿನ್ ಎಂಬ ಎರಡು ಕಶ್ಮಲಗಳ ಪ್ರಮಾಣವನ್ನು ಅಳೆಯುತ್ತಾರೆ.

1836ರಲ್ಲಿ ಬ್ರೈಟನು ನೂರು ರೋಗಿಗಳ ವಿವರವನ್ನು ಕೋಷ್ಟಕವಾಗಿ ಪ್ರಕಟಿಸಿದನು. ಈ ರೋಗದಿಂದ ಸತ್ತವರಲ್ಲಿ ಅನೇಕರ ಹೃದಯ ದಪ್ಪನಾಗಿ ಬೆಳೆದಿದ್ದುದನ್ನು ಅವನು ಕಂಡನು. ಕೆಟ್ಟ ರಕ್ತವನ್ನು ಸಣ್ಣ ನಾಳಗಳಲ್ಲಿ ದೂಡಲು ಹೃದಯ ಹೆಚ್ಚು ಶ್ರಮಿಸಬೇಕಾಗುತ್ತಿರಬಹುದೆಂದು ಊಹಿಸಿದನು. ರಕ್ತದೊತ್ತಡವೆಂಬ ಮಾತೇ ವೈದ್ಯರ ಬಾಯಲ್ಲಿ ಇಲ್ಲದಿದ್ದ ಕಾಲದಲ್ಲಿ ಇದು ಸಾಮಾನ್ಯ ಊಹೆಯಲ್ಲ. ಮೂತ್ರಪಿಂಡ ಕೆಟ್ಟರೆ ರಕ್ತದೊತ್ತಡ ಏರುತ್ತದೆ, ರಕ್ತದೊತ್ತಡ ಏರಿದರೆ ಮೂತ್ರಪಿಂಡ ಇನ್ನಷ್ಟು ಕೆಡುತ್ತದೆ ಎಂಬುದು ಈಗ ಎಲ್ಲ ವೈದ್ಯರೂ ತಿಳಿದ ಸಂಗತಿ. 1842ರಲ್ಲಿ ಗೈಸ್ ಆಸ್ಪತ್ರೆಯ ಎರಡು ವಾರ್ಡುಗಳನ್ನು, 42 ಹಾಸಿಗೆಗಳೊಡನೆ, ಆರು ತಿಂಗಳ ಕಾಲ ಮೂತ್ರಪಿಂಡದ ರೋಗಿಗಳಿಗಾಗಿಯೇ ಮೀಸಲಿಟ್ಟರು. ಪಕ್ಕದಲ್ಲಿಯೇ ಒಂದು ಪ್ರಯೋಗಶಾಲೆ. ಒಂದು ರೋಗವನ್ನೇ ಹಿಡಿದು ಹೀಗೆ ಅಭ್ಯಾಸ ಮಾಡಿದ್ದು ಆ ಕಾಲಕ್ಕೆ ಹೊಸದು.

ಇಷ್ಟೆಲ್ಲ ತಿಳಿದಿದ್ದರೂ ಬ್ರೈಟನ ಕೈಯಲ್ಲಿ ಮದ್ದಿರಲಿಲ್ಲ. ಬೆವರು ಬರಿಸುವುದು, ಭೇದಿ ಮಾಡಿಸುವುದು, ಬಿಸಿನೀರಿನ ಸ್ನಾನ, ರಕ್ತ ತೆಗೆಯುವುದು, ಪಥ್ಯದ ಆಹಾರ, ಇಷ್ಟೇ ಆ ಕಾಲದ ಚಿಕಿತ್ಸೆ. ಇವುಗಳಲ್ಲಿ ಕೆಲವು ರೋಗಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದುವು. ಚಮಚದಲ್ಲಿ ಬಿಳಿಯ ಹೆಪ್ಪು ಕಂಡಾಗಲೆಲ್ಲ, ಮಂಚದ ಮೇಲೆ ಮಲಗಿರುವವನ ಗತಿ ಮುಂದೇನಾಗುವುದೆಂದು ಅವನಿಗೆ ತಿಳಿಯುತ್ತಿತ್ತು. ಅದನ್ನು ತಪ್ಪಿಸುವ ದಾರಿ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವನು ಈ ಸ್ಥಿತಿಯಲ್ಲಿಯೇ ಕೆಲಸ ಮಾಡಿದನು. ನನಗೆ ಅವನ ಪಾಂಡಿತ್ಯಕ್ಕಿಂತ ಈ ತಾಳ್ಮೆಯೇ ದೊಡ್ಡದೆಂದು ತೋರುತ್ತದೆ.

1837ರಲ್ಲಿ ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಒಬ್ಬನೆಂಬ ಗೌರವ ಅವನಿಗೆ ದೊರೆಯಿತು. ಕೆಲವು ವರ್ಷಗಳ ಬಳಿಕ ಆಸ್ಪತ್ರೆಯ ಕೆಲಸದಿಂದ ನಿವೃತ್ತನಾಗಿ, 1858ರ ಡಿಸೆಂಬರ್ 16ರಂದು ಹೃದಯದ ಕಾಯಿಲೆಯಿಂದ ಲಂಡನ್ನಿನಲ್ಲಿ ತೀರಿಕೊಂಡನು.

ಬ್ರೈಟನ ರೋಗವೆಂಬ ಹೆಸರು ಈಗ ಬಳಕೆಯಲ್ಲಿಲ್ಲ. ಅದು ಒಂದು ರೋಗವಲ್ಲ, ಹಲವು ರೋಗಗಳ ಗುಂಪೆಂದು ಮುಂದೆ ತಿಳಿದುಬಂದಿತು. ಮಕ್ಕಳಿಗೆ ಗಂಟಲು ಬೇನೆಯೋ ಮೈಮೇಲೆ ಕುರುವೋ ಆಗಿ ಕೆಲವು ದಿನಗಳ ಮೇಲೆ ಮುಖ ಊದಿ, ಮೂತ್ರ ಕೆಂಪಗೆ ಚಹದ ಕಷಾಯದಂತಾಗುವುದುಂಟು. ತಕ್ಕ ಆರೈಕೆಯಿಂದ ಇವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ ಮತ್ತು ಏರಿದ ರಕ್ತದೊತ್ತಡಗಳೇ ಮೂತ್ರಪಿಂಡಗಳ ಮುಖ್ಯ ಶತ್ರುಗಳು. ಮೈಕೈ ನೋವಿಗೆಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವುದೂ ಅವುಗಳನ್ನು ಕೆಡಿಸುತ್ತದೆ. ವಾಂತಿಭೇದಿಯಿಂದ ಶರೀರದ ನೀರು ಬತ್ತಿದಾಗ ಅವು ಇದ್ದಕ್ಕಿದ್ದಂತೆ ನಿಂತುಹೋಗುವುದೂ ಉಂಟು; ಸಕಾಲದಲ್ಲಿ ನೀರೂ ಲವಣವೂ ದೊರೆತರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ.

ಕಲ್ಲಿನ ಬೇನೆಯ ಮಾತೇ ಬೇರೆ. ಅದು ಪುರಾತನ ಕಾಲದಿಂದ ಗೊತ್ತಿದ್ದುದು. ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆಯಲ್ಲಿಯೇ ಹೇಳಿದೆ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಸಾಕಷ್ಟು ನೀರು ಕುಡಿಯದವರಲ್ಲಿ ಮೂತ್ರ ಗಾಢವಾಗಿ, ಅದರಲ್ಲಿಯ ಲವಣಗಳು ಹರಳುಗಟ್ಟುತ್ತವೆ. ನಮ್ಮ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆ ಇದಕ್ಕೆ ಬಾಳೆದಿಂಡಿನ ರಸವನ್ನೂ ಹುರುಳಿಕಟ್ಟನ್ನೂ ಕುಡಿಸುವ ವಾಡಿಕೆಯಿದೆ. ಸಣ್ಣ ಹರಳುಗಳು ಸಾಕಷ್ಟು ನೀರು ಕುಡಿದರೆ ತಾವಾಗಿಯೇ ಇಳಿದುಹೋಗುತ್ತವೆ. ಕೀರ್ತಿ ದಿಂಡಿಗೆ ಸಲ್ಲುತ್ತದೆ. ದೊಡ್ಡ ಕಲ್ಲುಗಳನ್ನು ಹೊರಗಿನಿಂದ ಆಘಾತದ ಅಲೆಗಳನ್ನು ಹಾಯಿಸಿ ಪುಡಿಮಾಡುವ ಯಂತ್ರಗಳು 1980ರಿಂದೀಚೆಗೆ ಬಂದಿವೆ. ಕಲ್ಲು ಸೊಂಟ ಹಿಡಿದು ಕೂಗಿಸುತ್ತದೆ. ಆದುದರಿಂದಲೇ ರೋಗಿ ವೈದ್ಯನ ಬಳಿಗೆ ಓಡುತ್ತಾನೆ. ಬ್ರೈಟನು ಕಂಡ ರೋಗ ನೋಯುವುದಿಲ್ಲ. ಮೂತ್ರಪಿಂಡಗಳ ಶಕ್ತಿಯಲ್ಲಿ ಬಹುಪಾಲು ನಷ್ಟವಾಗುವವರೆಗೂ ಅದು ಬಾಯಿ ಬಿಡುವುದಿಲ್ಲ.

ಬ್ರೈಟನಿಗೆ ಸಿಗದಿದ್ದ ಚಿಕಿತ್ಸೆ ಅವನು ಸತ್ತು ಎಂಬತ್ತೈದು ವರ್ಷಗಳ ಬಳಿಕ ಬಂದಿತು. 1943ರಲ್ಲಿ, ಹಾಲೆಂಡ್ ದೇಶ ಶತ್ರುಗಳ ವಶದಲ್ಲಿದ್ದಾಗ, ವಿಲ್ಲೆಮ್ ಕೊಲ್ಫ್ ಎಂಬ ತರುಣ ವೈದ್ಯನು ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ರೋಗಿಯ ರಕ್ತವನ್ನು ಅದರ ಮೂಲಕ ಹಾಯಿಸಿದನು. ಮೊದಲ ರೋಗಿಗಳು ಬಹುಮಂದಿ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮುದುಕಿಯೊಬ್ಬಳು ಪ್ರಜ್ಞೆ ಮರಳಿ ಬದುಕಿದಳು. ಡಯಾಲಿಸಿಸ್ ಎಂದು ಹೆಸರಾದ ಚಿಕಿತ್ಸೆ ಇದೇ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರೆ ಎಂಬ ಶಸ್ತ್ರವೈದ್ಯನು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದನು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಇಂತಹ ಜೋಡಣೆ ಸಫಲವಾಯಿತು. ಬಡವರ ಅಂಗಗಳನ್ನು ಹಣ ಕೊಟ್ಟು ಕೊಳ್ಳುವ ಹೀನ ವ್ಯಾಪಾರ ಬೆಳೆದುದರಿಂದ ಅದನ್ನು ತಡೆಯಲು 1994ರಲ್ಲಿ ಶಾಸನ ಮಾಡಬೇಕಾಯಿತು.

ಡಯಾಲಿಸಿಸ್ ಬೇಕಾದವನಿಗೆ ಅದು ವಾರಕ್ಕೆ ಎರಡು ಮೂರು ಸಲ ಬೇಕು. ಒಮ್ಮೆಗೆ ನಾಲ್ಕು ಗಂಟೆಗಳಷ್ಟು ಕಾಲ ಹಿಡಿಯುತ್ತದೆ. ಹಿಂದೆ ಅರಕಲಗೂಡಿನ ರೈತನೊಬ್ಬ ಇದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಾಗಿತ್ತು. ದಾರಿಯ ಖರ್ಚಿಗೇ ದನಕರು ಮಾರಿದವರುಂಟು. ಈಗ ನಮ್ಮ ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಈ ಯಂತ್ರಗಳು ಬಂದಿವೆ. ಅಲ್ಲಿಯ ಪ್ರಯೋಗಶಾಲೆಯಲ್ಲಿ ಚಮಚವೂ ಇಲ್ಲ, ಮೇಣದ ಬತ್ತಿಯೂ ಇಲ್ಲ. ಕಿರುಬೆರಳಿಗಿಂತ ಸಣ್ಣನೆಯ ಕಾಗದದಂತಹ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ತೆಗೆಯುತ್ತಾರೆ. ಆಲ್ಬುಮಿನ್ ಇದ್ದರೆ ಪಟ್ಟಿಯ ಹಳದಿ ಬಣ್ಣ ಹಸುರಿಗೆ ತಿರುಗುತ್ತದೆ. ಅದಕ್ಕೆ ಒಂದು ನಿಮಿಷ ಸಾಕು.