ಎಚ್.ವಿ. ನಂಜುಂಡಯ್ಯ: ನ್ಯಾಯಪೀಠ ಮತ್ತು ಕನ್ನಡ

ಸಾಹಿತ್ಯ ಚರಿತ್ರೆಗಳಲ್ಲಿ ಎಚ್.ವಿ. ನಂಜುಂಡಯ್ಯನವರ ಹೆಸರು ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮ ಅಧ್ಯಕ್ಷರೆಂಬ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ವೃತ್ತಿಯಿಂದ ಅವರು ನ್ಯಾಯಾಧೀಶರು. ಆ ವೃತ್ತಿಯೇ ಅವರ ಕನ್ನಡ ಬರವಣಿಗೆಗೆ ವಸ್ತುವನ್ನು ಒದಗಿಸಿತೆಂಬುದು ಚರ್ಚೆಗೆ ಬಂದಿರುವುದು ಕಡಿಮೆ.

1860ರಲ್ಲಿ ಮೈಸೂರಿನಲ್ಲಿ ಜನಿಸಿದ ನಂಜುಂಡಯ್ಯನವರು ಮದರಾಸಿನಲ್ಲಿ ಉನ್ನತ ಶಿಕ್ಷಣ ಪಡೆದು, ಮೈಸೂರು ಸಂಸ್ಥಾನದ ಸೇವೆಗೆ ಮುನ್ಸೀಫರಾಗಿ ಸೇರಿದರು. ಕಾಲಕ್ರಮದಲ್ಲಿ ಚೀಫ್ ಕೋರ್ಟಿನ ನ್ಯಾಯಾಧೀಶರಾದರು. 1884ರಲ್ಲಿ ರೂಪುಗೊಂಡ ಈ ನ್ಯಾಯಾಲಯವೇ 1930ರಲ್ಲಿ ಹೈಕೋರ್ಟ್ ಎಂಬ ಹೆಸರು ಪಡೆಯಿತು. ಕಕ್ಷಿಗಾರರ ಮಾತು ಕನ್ನಡ, ತೀರ್ಪಿನ ಭಾಷೆ ಇಂಗ್ಲಿಷು. ಈ ಅಂತರವನ್ನು ಪೀಠದ ಮೇಲಿಂದ ಕಂಡವರು ‘ವ್ಯವಹಾರ ದೀಪಿಕೆ’, ‘ವ್ಯವಹಾರ ಧರ್ಮ ಪ್ರಕಾಶ’, ‘ಲೇಖ್ಯ ಬೋಧಿನಿ’ ಎಂಬ ಕೃತಿಗಳನ್ನು ರಚಿಸಿದರು. ಶೀರ್ಷಿಕೆಗಳೇ ಗಮನಾರ್ಹವಾಗಿವೆ. ಇಂದಿನ ಓದುಗನಿಗೆ ವ್ಯವಹಾರವೆಂದರೆ ವ್ಯಾಪಾರ. ಧರ್ಮಶಾಸ್ತ್ರದಲ್ಲಿ ಅದು ನ್ಯಾಯವಿಚಾರಣೆ, ಲೇಖ್ಯವೆಂದರೆ ದಸ್ತಾವೇಜು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಬ್ರಿಟಿಷ್ ಮಾದರಿಯ ನ್ಯಾಯಾಲಯದಲ್ಲಿ ಕುಳಿತವರು ಆ ಪರಂಪರೆಯ ಪದಗಳನ್ನೇ ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು.

1915ರಲ್ಲಿ ಪರಿಷತ್ತು ಸ್ಥಾಪನೆಯಾದಾಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹರಿಹರ ಮೈಸೂರಿನದಾದರೆ ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯದ್ದು. ಮೊದಲ ಮೂರು ಸಮ್ಮೇಳನಗಳಿಗೂ ನಂಜುಂಡಯ್ಯನವರೇ ಅಧ್ಯಕ್ಷರು. ಸಂಸ್ಥಾನದ ಹಿರಿಯ ಅಧಿಕಾರಿಯೊಬ್ಬರು ಮುಂದೆ ನಿಂತದ್ದರಿಂದ ಪರಿಷತ್ತಿಗೆ ಬಲ ಬಂದಿತು. ಅದು ದೀರ್ಘಕಾಲ ಸರ್ಕಾರದ ನೆರಳಿನಲ್ಲಿಯೇ ಬೆಳೆಯಲು ಇದೂ ಒಂದು ಕಾರಣವೆನ್ನಬೇಕು.

1916ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾದರು. ಕಾನೂನನ್ನು ಕನ್ನಡಕ್ಕೆ ತಂದವರು ನಡೆಸಿದ ವಿಶ್ವವಿದ್ಯಾನಿಲಯದ ಬೋಧನಾ ಮಾಧ್ಯಮ ಇಂಗ್ಲಿಷಾಗಿಯೇ ಇತ್ತು. ಮೈಸೂರಿನ ಜಾತಿ ಬುಡಕಟ್ಟುಗಳ ಕುರಿತು ಅವರು ಸಿದ್ಧಪಡಿಸಿ, 1906ರಿಂದ ಬಿಡಿಬಿಡಿಯಾಗಿ ಪ್ರಕಟಗೊಂಡ ಪ್ರಬಂಧಗಳೂ ಇಂಗ್ಲಿಷಿನವೇ. ಕಕ್ಷಿಗಾರನಿಗೆ ಕನ್ನಡ, ಆಡಳಿತಕ್ಕೂ ವಿದ್ವತ್ತಿಗೂ ಇಂಗ್ಲಿಷ್ ಎಂಬ ವಿಭಜನೆ ಅವರ ಕಾಲದ್ದು. ಅವರು ಅದನ್ನು ಒಂದು ಕಡೆ ಸಡಿಲಿಸಿದರು, ಇನ್ನೊಂದು ಕಡೆ ಹಾಗೆಯೇ ಉಳಿಸಿದರು. ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಅಧಿನಿಯಮ ಬಂದುದು 1963ರಲ್ಲಿ.

1920ರ ಮೇ ತಿಂಗಳಲ್ಲಿ ಅವರು ನಿಧನರಾದರು. ಜಾತಿ ಸಮೀಕ್ಷೆಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ, 1928ರಿಂದ 1935ರ ಅವಧಿಯಲ್ಲಿ ಇಬ್ಬರ ಹೆಸರಿನಲ್ಲಿಯೂ ನಾಲ್ಕು ಸಂಪುಟಗಳಾಗಿ ಹೊರತಂದರು.