ಲೂಸಿ ವಿಲ್ಸ್ ಮತ್ತು ದೊಡ್ಡ ಕೆಂಪುಕಣ

ಮೊದಲು ತಿರುವನಂತಪುರದಲ್ಲಿ, ಈಗ ಕೊಚ್ಚಿಯಲ್ಲಿ, ಆಸ್ಪತ್ರೆ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಮಲಯಾಳ ಓದುವಾಗ ಇನ್ನೂ ತಡವರಿಸುತ್ತೇನೆ. ರಕ್ತಪರೀಕ್ಷೆಯ ರಿಪೋರ್ಟ್ ಮಾತ್ರ ಎಲ್ಲ ಊರಿನಲ್ಲೂ ಒಂದೇ. ಎಲ್ಲರ ಕಣ್ಣು ಮೊದಲು ಹೋಗುವುದು ಹಿಮೋಗ್ಲೋಬಿನ್ ಮೇಲೆ. ಅದರ ಕೆಳಗೆಲ್ಲೋ ಎಂಸಿವಿ ಎಂಬ ಸಾಲಿರುತ್ತದೆ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರ, ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್. ಕಬ್ಬಿಣಾಂಶ ಸಾಲದಿದ್ದರೆ ಕಣ ಚಿಕ್ಕದಾಗುತ್ತದೆ. ಫೋಲೇಟ್ ಅಥವಾ ಬಿ12 ಸಾಲದಿದ್ದರೆ ದೊಡ್ಡದಾಗುತ್ತದೆ. ಎರಡೂ ರಕ್ತಹೀನತೆಯೇ, ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟದು. ಫೋಲೇಟ್‌ನ ಜಾಡು ಮೊದಲು ಹಿಡಿದವರು ಲೂಸಿ ವಿಲ್ಸ್, ಅದೂ ನಮ್ಮ ದೇಶದಲ್ಲಿ.

1888ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಸಿ ಕೇಂಬ್ರಿಜ್‌ನಲ್ಲಿ ಓದಿದ್ದು ಸಸ್ಯಶಾಸ್ತ್ರ, ಭೂವಿಜ್ಞಾನ. ಪರೀಕ್ಷೆ ಪಾಸಾದ ಹೆಂಗಸರಿಗೂ ಆ ವಿಶ್ವವಿದ್ಯಾಲಯ ಆಗ ಪದವಿ ಕೊಡುತ್ತಿರಲಿಲ್ಲ. ಮುಂದೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ವೈದ್ಯೆಯಾದರು. ರೋಗಿಗಳನ್ನು ನೋಡುವ ವೃತ್ತಿ ಹಿಡಿಯದೆ ಪ್ರಯೋಗಾಲಯಕ್ಕೇ ಅಂಟಿಕೊಂಡರು.

1928ರಲ್ಲಿ ಮುಂಬಯಿಗೆ ಬಂದಾಗ ಅಲ್ಲಿ ಬಡ ಬಸುರಿಯರು, ಅವರಲ್ಲಿ ಬಟ್ಟೆ ಗಿರಣಿಯ ಕೆಲಸದವರೂ ಇದ್ದರು, ತೀವ್ರ ರಕ್ತಹೀನತೆಗೆ ಬಲಿಯಾಗುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಕೆಂಪುಕಣಗಳು ದೊಡ್ಡದಾಗಿ ಕಂಡವು. ಲೂಸಿ ಸೋಂಕಿಗಾಗಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಈ ಹೆಂಗಸರು ಮನೆಯಲ್ಲಿ ಏನು ಉಣ್ಣುತ್ತಾರೆಂದು ವಿಚಾರಿಸತೊಡಗಿದರು. ಊಟ ತೀರಾ ಕಳಪೆಯಾಗಿದ್ದವರಲ್ಲೇ ಕಾಯಿಲೆ ಹೆಚ್ಚಾಗಿತ್ತು. ಇಡೀ ಕಥೆಯಲ್ಲಿ ನನಗೆ ದೊಡ್ಡದೆನಿಸುವುದು ಈ ವಿಚಾರಣೆಯೇ.

ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲೂ ಅವರು ಕೆಲಸ ಮಾಡಿದರು. (ಊಟಿಗೆ ಹೋದ ನಾವು ಕೂನೂರಿನಿಂದ ಟೀ ಪುಡಿ ಮಾತ್ರ ತರುತ್ತೇವೆ!) ಆ ಹೆಂಗಸರ ಊಟವನ್ನೇ ಇಲಿಗಳಿಗೆ, ಆಮೇಲೆ ಕೋತಿಗಳಿಗೆ ಹಾಕಿ ನೋಡಿದರು. ಸೊರಗಿದ ಕೋತಿಗೆ ಮಾರ್ಮೈಟ್ ಕೊಟ್ಟಾಗ ಅದು ಚೇತರಿಸಿಕೊಂಡಿತು. ಮಾರ್ಮೈಟ್ ಎಂದರೆ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡಿದ, ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಳ್ಳುವ ಕಪ್ಪು ಅಂಟು. ಬಸುರಿಯರಿಗೂ ಅದು ಹಿಡಿಯಿತು. 1931ರಲ್ಲಿ ಈ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶುದ್ಧೀಕರಿಸಿದ ಯಕೃತ್ತಿನ ಸಾರದಿಂದ ಗುಣವಾಗದವರು ಯೀಸ್ಟ್‌ನಿಂದ ಗುಣವಾಗಿದ್ದರಿಂದ, ಇದು ಬೇರೆಯೇ ಪೋಷಕಾಂಶವೆಂಬುದು ಆಮೇಲೆ ಸ್ಪಷ್ಟವಾಯಿತು.

ಹೆಸರು ಗೊತ್ತಿಲ್ಲದ ಆ ವಸ್ತುವನ್ನು ವಿಲ್ಸ್ ಫ್ಯಾಕ್ಟರ್ ಎಂದೇ ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ವಸ್ತುವಿಗೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯ ಅದನ್ನು ಕೃತಕವಾಗಿ ತಯಾರಿಸಿತು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ.

ಮೀನಿನ ಊರಿನಲ್ಲಿದ್ದೂ ಸಸ್ಯಾಹಾರಿಗಳಾಗಿ ಉಳಿದ ನಮ್ಮವರಿಗೆ ಒಂದು ಮಾತು. ಕಣ ದೊಡ್ಡದಾಗಲು ಬಿ12 ಕೊರತೆಯೂ ಕಾರಣವಾಗಿರಬಹುದು. ಆಗ ಬರೀ ಫೋಲಿಕ್ ಮಾತ್ರೆ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರಗಳ ಹಾನಿ ಮುಂದುವರಿಯಬಹುದು. ಎರಡನ್ನೂ ಪರೀಕ್ಷಿಸಿದ ಮೇಲೆಯೇ ವೈದ್ಯರು ಮದ್ದು ಬರೆಯಬೇಕು.

ಲೂಸಿ ಮದುವೆಯಾಗಲಿಲ್ಲ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. 1947ರಲ್ಲಿ ನಿವೃತ್ತರಾದ ಮೇಲೂ ಜಮೈಕಾ, ಫಿಜಿಗಳಿಗೆ ಹೋಗಿ ಪೋಷಣೆಯನ್ನೇ ಅಧ್ಯಯನ ಮಾಡಿದರು. 1964ರ ಏಪ್ರಿಲ್ 16ರಂದು ತೀರಿಕೊಂಡರು.